ಸಣ್ಣ ಗಾಯಕ್ಕೆ ಯಾವ ಕಾರ್ಡೂ ಇಲ್ಲ

(ಮಂಡ್ಯದಲ್ಲಿ ಕಬ್ಬು ಬೆಳೆಗಾರರು ಮತ್ತು ಮಹಿಳಾ ಸ್ವಸಹಾಯ ಗುಂಪುಗಳ ಸದಸ್ಯರ ಮುಂದೆ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಸರ್ಕಾರಿ ಆಸ್ಪತ್ರೆಗಳ ಬ್ಯಾಂಡೇಜ್ ರೂಮಿನಲ್ಲಿ ಸಿಸ್ಟರ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ. ಇಲ್ಲಿ ಯಾರ ಹತ್ತಿರ ಆಯುಷ್ಮಾನ್ ಕಾರ್ಡ್ ಇದೆ? ಕೈ ಎತ್ತಿ. ಯಶಸ್ವಿನಿ ಕಾರ್ಡ್? ಸರಿ, ಹೆಚ್ಚುಕಮ್ಮಿ ಅರ್ಧ ಸಭೆ ಕೈ ಎತ್ತಿತು. ಈಗ ಹೇಳಿ. ಕಾಲಿಗೆ ಕಬ್ಬಿನ ಕೂಳೆ (ಕಡಿದ ಮೇಲೆ ಉಳಿಯುವ ಚೂಪು ಬುಡ) ಚುಚ್ಚಿದಾಗ, ಮಚ್ಚು ತಾಗಿ ಬೆರಳು ಕುಯ್ದಾಗ, ಬೈಕಿಂದ ಬಿದ್ದು ಮಂಡಿ ತರಚಿದಾಗ ಆ ಕಾರ್ಡ್ ಯಾರಿಗಾದರೂ ಕೆಲಸಕ್ಕೆ ಬಂತಾ? ನೋಡಿ, ಒಂದು ಕೈಯೂ ಏಳಲಿಲ್ಲ.

ಕಾರ್ಡ್ ಬಗ್ಗೆ ನನಗೆ ತಕರಾರಿಲ್ಲ. ದೊಡ್ಡ ಕಾಯಿಲೆ ಬಂದಾಗ ಅದು ಎಷ್ಟೋ ಮನೆಗಳನ್ನು ಸಾಲದಿಂದ ಉಳಿಸಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ 2018ರಲ್ಲಿ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ, ಶೇ. 30 ಮಾತ್ರ, ಅದೂ ಒಂದೂವರೆ ಲಕ್ಷದ ಒಳಗೆ. ಯಶಸ್ವಿನಿ ಇನ್ನೂ ಹಳೆಯದು. 2003ರಲ್ಲಿ ಸಹಕಾರ ಸಂಘದ ರೈತರಿಗಾಗಿ ಶುರುವಾಯಿತು, 2018ರಲ್ಲಿ ನಿಂತಿತು, 2022ರ ಕೊನೆಯಲ್ಲಿ ಮತ್ತೆ ಹೆಸರು ಬರೆಸಿಕೊಳ್ಳಲು ಶುರು ಮಾಡಿದರು. ಇವೆಲ್ಲ ಮುಖ್ಯವಾಗಿ ಆಪರೇಷನ್ ಆದವರಿಗೆ, ಆಸ್ಪತ್ರೆಗೆ ಸೇರಿದವರಿಗೆ. ಮಂಚದ ಮೇಲೆ ಮಲಗಿದರೆ ದುಡ್ಡು ಬರುತ್ತದೆ. ಬೆಂಚಿನ ಮೇಲೆ ಕೂತು ಬ್ಯಾಂಡೇಜ್ ಕಟ್ಟಿಸಿಕೊಂಡು ಎದ್ದು ಬಂದರೆ ಬರುವುದಿಲ್ಲ. ದುಡ್ಡು ಕಟ್ಟಿ ಮಾಡಿಸುವ ಖಾಸಗಿ ವಿಮೆಯದೂ ಅದೇ ಕಥೆ. ಕೆಲವು ಚಿಕಿತ್ಸೆಗಳನ್ನು ಬಿಟ್ಟರೆ, ಸಾಮಾನ್ಯವಾಗಿ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ಇದ್ದರೆ ಮಾತ್ರ ಕ್ಲೇಮು.

ಇದರಿಂದ ಒಂದು ವಿಚಿತ್ರ ನಡೆಯುತ್ತದೆ. ನಮ್ಮ ಸಂಬಂಧಿಕರ ಹುಡುಗ ಬೈಕಿನಲ್ಲಿ ಜಾರಿ ಬಿದ್ದ. ಮೊಣಕೈ ಹತ್ತಿರ ಸಣ್ಣ ಹೊಲಿಗೆ ಹಾಕುವಂಥ ಗಾಯ, ಬೇರೇನೂ ಇಲ್ಲ. ಹೋದ ಆಸ್ಪತ್ರೆಯವರು ಕೇಳಿದ ಮೊದಲ ಮಾತು, "ಇನ್ಶೂರೆನ್ಸ್ ಇದೆಯಾ?" ಇದೆ ಎಂದ. "ಹಾಗಾದರೆ ಒಂದು ದಿನ ಅಡ್ಮಿಟ್ ಆಗಿಬಿಡಿ, ನಿಮಗೇ ಅನುಕೂಲ" ಎಂದರು. ಅಡ್ಮಿಟ್ ಆದ. ರೂಮಿನ ಬಾಡಿಗೆ, ಡ್ರಿಪ್, ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಆಯಿತು. ಬಿಲ್ಲು ವಿಮೆಗೆ ಹೋಯಿತು. ಅದರಲ್ಲಿ ಒಂದು ಭಾಗ ಕೊಡುವುದಿಲ್ಲ ಎಂದು ವಾಪಸ್ ಬಂತು, ಅದನ್ನು ಹುಡುಗನೇ ಕಟ್ಟಿದ. ಆ ಕಟ್ಟಿದ ದುಡ್ಡಿನಲ್ಲೇ ಗಾಯಕ್ಕೆ ಹೊಲಿಗೆ ಹಾಕಿಸಿ, ಬಿಚ್ಚಿಸಿ, ಮಿಕ್ಕಿದ್ದರಲ್ಲಿ ಮನೆಗೆ ಹಣ್ಣು ತರಬಹುದಿತ್ತು. ಡಾಕ್ಟರೊಬ್ಬರೇ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಮಲಗಿದವರಿಗೆ ಮಾತ್ರ ದುಡ್ಡು ಕೊಡುತ್ತೇವೆ ಎಂದು ಲೆಕ್ಕ ಹಾಕಿಟ್ಟರೆ, ಎಲ್ಲರನ್ನೂ ಮಲಗಿಸುವ ಆಸೆ ಆಗೇ ಆಗುತ್ತದೆ, ಅಲ್ವಾ?

ಸಣ್ಣ ಗಾಯದ ಖರ್ಚನ್ನು ನಾವು ಲೆಕ್ಕ ಹಾಕುವ ರೀತಿಯೇ ತಪ್ಪು ಅನ್ನುವುದು ನನ್ನ ಮಾತು. ಡಾಕ್ಟರ ಫೀಸು, ಮೆಡಿಕಲ್ ಶಾಪಿನ ಬಿಲ್ಲು, ಅಷ್ಟೇ ಎಂದುಕೊಳ್ಳುತ್ತೇವೆ. ಒಂದು ಲೆಕ್ಕ ಮಾಡೋಣ. ನರೇಗಾ, ಅಂದರೆ ಸರ್ಕಾರದ ಉದ್ಯೋಗ ಖಾತರಿ ಕೆಲಸದ ಕೂಲಿ ನಮ್ಮ ರಾಜ್ಯದಲ್ಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಕಬ್ಬು ಕಡಿಯುವವರಿಗೆ ಇದಕ್ಕಿಂತ ಜಾಸ್ತಿ ಸಿಗಬಹುದು, ಇರಲಿ, ಇದನ್ನೇ ಹಿಡಿಯೋಣ. ಒಂದು ಗಾಯಕ್ಕೆ ಐದು ಸಲ ಡ್ರೆಸಿಂಗ್ ಎಂದರು. ಒಂದೊಂದು ಸಲಕ್ಕೂ ಅರ್ಧ ದಿನ ಹೋಯಿತು. ಕಳೆದುಹೋದ ಕೂಲಿಯೇ 925 ರೂಪಾಯಿ. ಇದು ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಜೊತೆಗೆ ಬಂದ ಹೆಂಡತಿಯ ಕೂಲಿಯೂ ಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ಹಾಗಾಗಿ ಆಕೆಯ ಟಿಕೆಟ್ ಉಳಿಯುತ್ತದೆ. ಗಂಡಸಿನದು ಉಳಿಯುವುದಿಲ್ಲ. ಕಾಲಿಗೆ ಗಾಯ ಆಗಿದ್ದರೆ ಬಸ್ಸು ಹತ್ತುವುದೇ ಕಷ್ಟ, ಆಗ ಆಟೋ. ಮಂಡ್ಯದಿಂದ ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಿ ಎಂದು ಬರೆದುಕೊಟ್ಟರಂತೂ ಹೋಗಿಬರಲು ತೊಂಬತ್ತು ಕಿಲೋಮೀಟರ್. ದಿನವೆಲ್ಲ ಅಲ್ಲೇ ಮುಗಿಯಿತು.

ಸಣ್ಣ ಗಾಯಕ್ಕೆ ಔಷಧಿಗಿಂತ ಓಡಾಟದ ಖರ್ಚು ಜಾಸ್ತಿ. ಓಡಾಟ ಜಾಸ್ತಿ ಆಗುವುದು ಗಾಯ ಕೆಟ್ಟಾಗ. ಗಾಯ ಕೆಡುವುದು ಬಹಳ ಸಲ ಮೊದಲ ಒಂದು ಗಂಟೆಯಲ್ಲಿ ನಾವು ಮಾಡುವ ಕೆಲಸದಿಂದ. ಅದಕ್ಕೇ ನಾನು ಆ ಒಂದು ಗಂಟೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ.

ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೆ? ರಕ್ತ ಕಂಡ ಕೂಡಲೇ ಅಡುಗೆಮನೆಗೆ ಓಟ. ಕಾಫಿ ಪುಡಿ, ಅರಿಶಿನ, ಸಕ್ಕರೆ. ಗದ್ದೆಯಲ್ಲಾದರೆ ಯಾವುದೋ ಸೊಪ್ಪನ್ನು ಅಂಗೈಯಲ್ಲಿ ಉಜ್ಜಿ ಹಿಂಡುತ್ತಾರೆ. ಎಲೆಅಡಿಕೆ ಚೀಲದಲ್ಲಿ ಸುಣ್ಣ ಇದ್ದೇ ಇರುತ್ತದೆ, ಅದೂ ಆಯಿತು. ಸುಟ್ಟರೆ ಟೂತ್‌ಪೇಸ್ಟ್. ಇನ್ನು ಕೆಲವರು ಬಹಳ ಬುದ್ಧಿವಂತರು. ಮೆಡಿಕಲ್‌ನಿಂದ ಕ್ಯಾಪ್ಸೂಲ್ ತಂದು, ಬಿಚ್ಚಿ, ಒಳಗಿನ ಪುಡಿಯನ್ನು ಗಾಯಕ್ಕೆ ಉದುರಿಸುತ್ತಾರೆ. ನುಂಗುವ ಮಾತ್ರೆ ಅದು! ಬ್ಯಾಂಡೇಜ್ ರೂಮಿನಲ್ಲಿ ನನ್ನ ಕೆಲಸದ ಅರ್ಧ ಪಾಲು ಗಾಯ ನೋಡುವುದಾಗಿರಲಿಲ್ಲ. ಗಾಯದಿಂದ ಕಾಫಿ ಪುಡಿ ಕೆರೆದು ತೆಗೆಯುವುದಾಗಿತ್ತು. ಪುಡಿ ರಕ್ತದ ಜೊತೆ ಸೇರಿ ಗಟ್ಟಿ ಹೆಕ್ಕಳೆ ಕಟ್ಟುತ್ತದೆ. ಅದರ ಕೆಳಗೆ ಮಣ್ಣು ಸಿಕ್ಕಿಕೊಂಡಿರುತ್ತದೆ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಕೀವು.

ಅರಿಶಿನದಲ್ಲಿ ಔಷಧಿ ಗುಣ ಇಲ್ಲವಾ ಎಂದು ಕೇಳುತ್ತೀರಿ. ಇರಬಹುದು. ಆದರೆ ಡಬ್ಬದಲ್ಲಿ ಒದ್ದೆ ಚಮಚ ಹಾಕಿ ಹಾಕಿ ಬಳಸಿದ ಪುಡಿ ಅದು. ಸಾರಿಗೆ ಸರಿ, ಬಾಯಿ ತೆರೆದ ಗಾಯಕ್ಕೆ ಬೇಡ.

ಬೇಕಾಗಿರುವುದು ನೀರು. ಹರಿಯುವ, ಕುಡಿಯಲು ಆಗುವಂಥ ನೀರು. ನಾಲೆ ನೀರಲ್ಲ, ಗದ್ದೆ ಬದುವಿನ ನೀರಲ್ಲ. ನಲ್ಲಿ ಬಿಟ್ಟು ಅದರ ಕೆಳಗೆ ಗಾಯ ಹಿಡಿಯಿರಿ. ಐದು ನಿಮಿಷ, ಮಣ್ಣು ಜಾಸ್ತಿ ಇದ್ದರೆ ಇನ್ನೂ ಹೊತ್ತು. ಗಾಯದ ಸುತ್ತ ಸೋಪು ಹಾಕಿ ತೊಳೆಯಿರಿ. ಆಸ್ಪತ್ರೆಯಲ್ಲಿ ಸಲೈನ್ (ಶುದ್ಧ ಉಪ್ಪು ನೀರು) ಹಾಕಿ ತೊಳೆಯುತ್ತಾರಲ್ಲ, ಅದೇ ಶ್ರೇಷ್ಠ ಎಂದು ನಮಗೂ ಕಲಿಸಿದ್ದರು. ಆಮೇಲೆ ಎರಡನ್ನೂ ಹೋಲಿಸಿ ನೋಡಿದ ಪರೀಕ್ಷೆಗಳನ್ನೆಲ್ಲ ಒಟ್ಟು ಮಾಡಿ ಕಾಕ್ರೇನ್ ಸಂಸ್ಥೆಯವರು ವರದಿ ಬರೆದರು. ಒಳ್ಳೆಯ ನಲ್ಲಿ ನೀರಿನಲ್ಲಿ ತೊಳೆದರೆ ಸಲೈನಿಗಿಂತ ಸೋಂಕು ಜಾಸ್ತಿ ಆಗುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಅಂದರೆ ಚಿಕಿತ್ಸೆಯ ದೊಡ್ಡ ಪಾಲು ನಿಮ್ಮ ಮನೆ ನಲ್ಲಿಯಲ್ಲೇ ಬರುತ್ತದೆ, ಪುಕ್ಕಟೆ.

ಆಮೇಲೆ ಒತ್ತಿ ಹಿಡಿಯುವುದು. ಒಗೆದು ಬಿಸಿಲಿಗೆ ಒಣಗಿಸಿದ ಹತ್ತಿ ಬಟ್ಟೆ ಸಾಕು. ಬರೀ ಹತ್ತಿಯನ್ನು ಗಾಯದ ಮೇಲೆ ನೇರವಾಗಿ ಇಡಬೇಡಿ, ಎಳೆ ಅಂಟಿಕೊಳ್ಳುತ್ತದೆ. ಬಟ್ಟೆಯನ್ನು ಗಟ್ಟಿಯಾಗಿ ಒತ್ತಿ ಹತ್ತು ನಿಮಿಷ ಹಿಡಿಯಿರಿ. ನಮ್ಮ ಜನರ ತೊಂದರೆ ಇಲ್ಲಿದೆ. ನಿಮಿಷಕ್ಕೊಂದು ಸಲ ಎತ್ತಿ "ನಿಂತಿತಾ?" ಎಂದು ನೋಡುತ್ತಾರೆ. ಹೆಪ್ಪುಗಟ್ಟಲು ಬಂದ ರಕ್ತ ಮತ್ತೆ ಕಿತ್ತು ಬರುತ್ತದೆ. ನೋಡಬೇಡಿ. ಸುಟ್ಟ ಗಾಯ ಆದರೆ ಒತ್ತುವುದಿಲ್ಲ. ತಣ್ಣಗಿನ ನೀರು ಇಪ್ಪತ್ತು ನಿಮಿಷ ಹರಿಯಬೇಕು, ಐಸ್ ಬೇಡ. ಬೆಲ್ಲ ಮಾಡುವ ಆಲೆಮನೆಯಲ್ಲಿ ಕುದಿಯುವ ಪಾಕ ಸಿಡಿದರೆ ಅದು ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಅದನ್ನು ಕಿತ್ತರೆ ಚರ್ಮವೂ ಬರುತ್ತದೆ. ನೀರು ಹಾಕಿ, ನೀರು ಹಾಕಿ, ನೀರು ಹಾಕಿ.

ಹಾಗಾದರೆ ಆಸ್ಪತ್ರೆಗೆ ಯಾವಾಗ? ಹತ್ತು ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ. ಗಾಯದ ಬಾಯಿ ತೆರೆದುಕೊಂಡಿದ್ದರೆ. ಬೆರಳು ಮಡಿಸಲು ಆಗದಿದ್ದರೆ, ಅಥವಾ ಗಾಯದ ಮುಂದಿನ ಭಾಗ ಜೋಮು ಹಿಡಿದಿದ್ದರೆ. ಮಚ್ಚಿನ ಗಾಯದಲ್ಲಿ ಇದನ್ನು ಮರೆಯಬೇಡಿ. ಮೇಲೆ ಸಣ್ಣದಾಗಿ ಕಂಡರೂ ಒಳಗೆ ನರವೋ ಸ್ನಾಯುವಿನ ದಾರವೋ ಕತ್ತರಿಸಿರಬಹುದು. ಮೊಳೆ, ಕೂಳೆ ಆಳವಾಗಿ ಚುಚ್ಚಿದ್ದರೆ, ಪ್ರಾಣಿ ಕಚ್ಚಿದ್ದರೆ, ಸುಟ್ಟ ಗಾಯ ಮುಖ, ಕೈ, ಕೀಲುಗಳ ಮೇಲಿದ್ದರೆ ಹೋಗಲೇಬೇಕು. ತಲೆಗೆ ಪೆಟ್ಟಾಗಿ ವಾಂತಿ ಆದರೆ, ಮಂಪರು ಬಂದರೆ, ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದ್ದರೆ ಆಗ ಸ್ಕ್ಯಾನಿಂಗ್ ದುಡ್ಡಿನ ಲೆಕ್ಕ ನೋಡಬೇಡಿ. ಹೊಲಿಗೆ ಬೇಕಾದ ಗಾಯಕ್ಕೆ ಆರೇಳು ಗಂಟೆಯೊಳಗೆ ಹೋದರೆ ಒಳ್ಳೆಯದು. "ನಾಳೆ ಬೆಳಿಗ್ಗೆ ನೋಡೋಣ" ಎಂದು ರಾತ್ರಿ ಕಳೆದು ಬಂದರೆ, ಎಷ್ಟೋ ಸಲ ಹೊಲಿಗೆ ಹಾಕಲು ಆಗುವುದಿಲ್ಲ. ಆಗ ತೆರೆದ ಗಾಯ ತಾನಾಗಿ ಮಾಯಬೇಕು. ಒಂದು ವಾರದ ಕೆಲಸ ಒಂದು ತಿಂಗಳು.

ಇನ್ನು ಟಿಟಿ, ಧನುರ್ವಾಯು (ಟೆಟನಸ್) ಬರದಂತೆ ಹಾಕುವ ಇಂಜೆಕ್ಷನ್. ಇದರ ಬಗ್ಗೆ ನಮ್ಮಲ್ಲಿ ಎರಡು ಥರದ ಜನ. ಪ್ರತಿ ಗಾಯಕ್ಕೂ ಹೋಗಿ ಟಿಟಿ ಹಾಕಿಸಿಕೊಳ್ಳುವವರು, ಜೀವಮಾನದಲ್ಲಿ ಒಂದು ಸಲವೂ ಸರಿಯಾಗಿ ಹಾಕಿಸಿಕೊಳ್ಳದವರು. "ಆರು ತಿಂಗಳಾಯ್ತು, ಟಿಟಿ ಪವರ್ ಹೋಗಿರುತ್ತೆ" ಅನ್ನುವ ಮಾತು ಯಾರು ಹಬ್ಬಿಸಿದರೋ ಗೊತ್ತಿಲ್ಲ. ಮೂರು ಡೋಸು ಪೂರ್ತಿ ಆಗಿದ್ದರೆ, ಸ್ವಚ್ಛವಾದ ಸಣ್ಣ ಗಾಯಕ್ಕೆ ಹತ್ತು ವರ್ಷದವರೆಗೆ ಮತ್ತೆ ಬೇಡ. ಮಣ್ಣು, ಸಗಣಿ ಸೇರಿದ ಗಾಯಕ್ಕೆ ಐದು ವರ್ಷ ದಾಟಿದ್ದರೆ ಬೇಕು. ಹಾಕಿಸಿಕೊಂಡ ತಾರೀಕನ್ನು ತಾಯಿ ಕಾರ್ಡಿನ ಹಿಂದೆಯೋ, ಮೊಬೈಲಿನಲ್ಲೋ ಬರೆದಿಟ್ಟರೆ ಸುಮ್ನೆ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ. ಅಂದಹಾಗೆ, ನಾವೆಲ್ಲ ಟಿಟಿ ಎಂದು ಕರೆಯುವ ಜಾಗದಲ್ಲಿ ಸರ್ಕಾರಿ ಕಾರ್ಯಕ್ರಮದಲ್ಲಿ 2019ರಿಂದ ಟಿಡಿ ಬಂದಿದೆ. ಧನುರ್ವಾಯು ಜೊತೆಗೆ ಗಂಟಲಮಾರಿಗೂ ಅದೇ ಇಂಜೆಕ್ಷನ್.

ಧನುರ್ವಾಯು ಬರುವುದು ತುಕ್ಕಿನಿಂದ ಅಲ್ಲ. ಅದರ ರೋಗಾಣು ಮಣ್ಣಿನಲ್ಲಿ, ದನದ ಸಗಣಿಯಲ್ಲಿ ಇರುತ್ತದೆ. ಗಾಳಿ ಆಡದ ಆಳವಾದ ಗಾಯ ಅದಕ್ಕೆ ಇಷ್ಟ. ತುಕ್ಕು ಹಿಡಿದ ಮೊಳೆ ಮಣ್ಣಿನಲ್ಲಿ ಬಿದ್ದಿರುತ್ತದೆ, ಆಳಕ್ಕೆ ಚುಚ್ಚುತ್ತದೆ, ಅದಕ್ಕೇ ಅಪಾಯ. ಕಬ್ಬಿನ ಕೂಳೆಯಲ್ಲಿ ತುಕ್ಕಿಲ್ಲ, ಆದರೆ ಅಪಾಯ ಅಷ್ಟೇ ಇದೆ. ಕೊಟ್ಟಿಗೆ ಗೊಬ್ಬರ ಹಾಕಿದ ಗದ್ದೆಯಲ್ಲಿ ಬರಿಗಾಲಿನಲ್ಲಿ ನಡೆಯುವವರು ಇದನ್ನು ಕೇಳಿಸಿಕೊಳ್ಳಬೇಕು.

ಇನ್ನೊಂದು ಮಾತು, ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಹೆಂಗಸರು ಬಸುರಿಯಾದಾಗ ಟಿಟಿ ಹಾಕಿಸಿಕೊಂಡಿರುತ್ತಾರೆ. ತಾಯಂದಿರಲ್ಲಿ, ನವಜಾತ ಶಿಶುಗಳಲ್ಲಿ ಧನುರ್ವಾಯುವನ್ನು ಭಾರತ ಹತೋಟಿಗೆ ತಂದಿದೆ ಎಂದು 2015ರಲ್ಲಿ ಘೋಷಣೆ ಆಯಿತು. ಮಕ್ಕಳಿಗೆ ಲಸಿಕೆ ಹಾಕುವ ದೇಶವ್ಯಾಪಿ ಕಾರ್ಯಕ್ರಮ ಈಗಿನ ರೂಪದಲ್ಲಿ ಬಂದದ್ದು 1985ರಲ್ಲಿ. ಅದಕ್ಕೂ ಮುಂಚೆ ಹುಟ್ಟಿದ ಗಂಡಸರು? ಅವರಿಗೆ ಮಗುವಾಗಿದ್ದಾಗ ಹಾಕಿರಲಾರರು, ಬಸುರಿ ಆಗುವುದಂತೂ ಇಲ್ಲ. ಗದ್ದೆಯಲ್ಲಿ ಗಾಯ ಮಾಡಿಕೊಳ್ಳುವವರು ಅವರೇ ಜಾಸ್ತಿ. ಅಂಥವರಿಗೆ ಕೊಳಕು ಗಾಯ ಆದಾಗ ಬರೀ ಟಿಟಿ ಸಾಲುವುದಿಲ್ಲ, ಬೇರೆ ಒಂದು ಇಂಜೆಕ್ಷನ್ ಜೊತೆಗೆ ಬೇಕಾಗುತ್ತದೆ, ಅದರ ಬೆಲೆ ಟಿಟಿಯ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ. ನಲವತ್ತು ದಾಟಿದ ಅಣ್ಣಂದಿರೇ, ಗಾಯ ಆಗುವುದಕ್ಕೆ ಕಾಯಬೇಡಿ. ಸುಮ್ನೆ ಒಂದು ದಿನ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಲು ಶುರು ಮಾಡಿ.

ಮಾತ್ರೆಗಳ ವಿಷಯಕ್ಕೆ ಬರುತ್ತೇನೆ. "ಗಾಯಕ್ಕೆ ಒಂದು ಸೆಟ್ ಕೊಡಿ" ಎಂದು ಮೆಡಿಕಲ್‌ನಲ್ಲಿ ಕೇಳುತ್ತೇವೆ. ಒಂದು ನೋವಿನದು, ಒಂದು ಆಂಟಿಬಯಾಟಿಕ್, ಒಂದು ಗ್ಯಾಸಿಂದು. ಎರಡು ದಿನಕ್ಕೆ ಸಾಕು ಎಂದು ಹರಿದು ಕೊಡುತ್ತಾರೆ. ಚೆನ್ನಾಗಿ ತೊಳೆದ ಸಾಮಾನ್ಯ ಗಾಯಕ್ಕೆ ಆಂಟಿಬಯಾಟಿಕ್ ಬೇಕಾಗುವುದಿಲ್ಲ. ಬೇಕಾದ ಗಾಯಗಳಿವೆ. ಕಚ್ಚಿದ ಗಾಯ, ಆಳವಾದ ಕೊಳಕು ಗಾಯ, ಸಕ್ಕರೆ ಕಾಯಿಲೆ ಇರುವವರ ಗಾಯ. ಅದನ್ನು ಡಾಕ್ಟರ್ ಹೇಳಬೇಕು, ಹೇಳಿದಷ್ಟು ದಿನ ಪೂರ್ತಿ ನುಂಗಬೇಕು. ಎರಡು ದಿನದ ಆಂಟಿಬಯಾಟಿಕ್ ಅಂದರೆ ದುಡ್ಡೂ ಹೋಯಿತು, ಕೆಲಸವೂ ಆಗಲಿಲ್ಲ. ಔಷಧಿ ಬೇಕೇ ಬೇಕು ಎಂದಾಗ ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆದುಕೊಡಿ ಎಂದು ಕೇಳಿ. ಜನೌಷಧಿ ಅಂಗಡಿಯಲ್ಲಿ ಅದೇ ಮಾತ್ರೆ, ಗಾಯಕ್ಕೆ ಸೋಂಕು ತಗುಲದಂತೆ ಹಚ್ಚುವ ಅದೇ ಪೊವಿಡೋನ್ ಮುಲಾಮು ಬಹಳ ಕಡಿಮೆಗೆ ಸಿಗುತ್ತದೆ. ಆ ಯೋಜನೆ 2008ರಿಂದ ಇದೆ.

ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕು ಅನ್ನುವುದು ಇನ್ನೊಂದು ನಂಬಿಕೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಪರೀಕ್ಷೆ ಮಾಡಿ ತೋರಿಸಿದರು. ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ ಬೇಗ ಹರಡುತ್ತದೆ, ಹೆಕ್ಕಳೆ ಕಟ್ಟಿ ಒಣಗಿದ ಗಾಯದ ಮೇಲೆ ನಿಧಾನ. ಈಗ ಎಲ್ಲ ಕಡೆ ಇದನ್ನೇ ಒಪ್ಪಿದ್ದಾರೆ. ಆದ್ದರಿಂದ ದಿನಾ ಬ್ಯಾಂಡೇಜ್ ಬಿಚ್ಚಿ ನೋಡುವ ಅಗತ್ಯ ಎಲ್ಲ ಗಾಯಕ್ಕೂ ಇಲ್ಲ. ಒದ್ದೆಯಾಗದೆ, ವಾಸನೆ ಬರದೆ, ನೋವು ಏರದೆ ಇದ್ದರೆ ಎರಡು ಮೂರು ದಿನಕ್ಕೊಮ್ಮೆ ಬದಲಿಸಿದರೂ ಸಾಕಾಗುವ ಗಾಯಗಳೇ ಜಾಸ್ತಿ. "ಡಾಕ್ಟ್ರೇ, ದಿನಾ ಬರಲೇಬೇಕಾ?" ಎಂದು ಧೈರ್ಯವಾಗಿ ಕೇಳಿ. ಆ ಒಂದು ಪ್ರಶ್ನೆಯಿಂದ ಎರಡು ಮೂರು ಅರ್ಧ ದಿನದ ಕೂಲಿ ಉಳಿಯುತ್ತದೆ.

ನಂಜು ಅನ್ನುವ ವಿಷಯವನ್ನೂ ಹೇಳಿಬಿಡುತ್ತೇನೆ. ಗಾಯ ಆದವರಿಗೆ ಬದನೆಕಾಯಿ ಬೇಡ, ಮೊಟ್ಟೆ ಬೇಡ, ಮೀನು ಬೇಡ, ಅವರೆಕಾಯಿ ಅಂತೂ ಬೇಡವೇ ಬೇಡ ಎಂದು ತಿಳಿಸಾರು ಅನ್ನ ಹಾಕುತ್ತಾರೆ. ಮಾಯುವ ಗಾಯಕ್ಕೆ ಬೇಕಾಗಿರುವುದೇ ಮೊಟ್ಟೆ, ಬೇಳೆ, ಕಾಳು, ಮೀನು. ಅವರೆಕಾಯಿ ಕಾಲದಲ್ಲಿ ಮಂಡ್ಯದವರಿಗೆ ಅವರೆಕಾಯಿ ಸಾರು ಬೇಡ ಎನ್ನುವುದು ಗಾಯಕ್ಕಿಂತ ದೊಡ್ಡ ಶಿಕ್ಷೆ ಬೇರೆ.

ಈಗ ಅತಿ ದುಬಾರಿ ಸಣ್ಣ ಗಾಯ ಯಾವುದು ಎಂದು ಹೇಳುತ್ತೇನೆ. ಸಕ್ಕರೆ ಕಾಯಿಲೆಯವರ ಪಾದದ ಗಾಯ. ಬಹಳ ವರ್ಷ ಸಕ್ಕರೆ ಜಾಸ್ತಿ ಇದ್ದವರ ಪಾದಕ್ಕೆ ಸ್ಪರ್ಶ ಕಡಿಮೆ ಆಗುತ್ತದೆ. ಚಪ್ಪಲಿಯೊಳಗೆ ಕಲ್ಲು ಸೇರಿದರೂ ತಿಳಿಯುವುದಿಲ್ಲ. ಚಪ್ಪಲಿ ಎಲ್ಲೋ ಕಳಚಿಬಿದ್ದು, ಅದು ಗೊತ್ತೇ ಇಲ್ಲದೆ ನಡೆದು ಬಂದವರನ್ನು ನೋಡಿದ್ದೇನೆ. ಬಿಸಿಲಿಗೆ ಕಾದ ಡಾಂಬರು ರಸ್ತೆಯಲ್ಲಿ ಬೊಬ್ಬೆ ಎದ್ದಿರುತ್ತದೆ, ನೋವಿಲ್ಲ. ನೋವಿಲ್ಲ ಎಂದ ಮೇಲೆ ಯಾರು ಆಸ್ಪತ್ರೆಗೆ ಹೋಗುತ್ತಾರೆ? ಕೂಲಿ ಬಿಟ್ಟು ಹೋಗುವಷ್ಟು ದೊಡ್ಡದಲ್ಲ ಎನಿಸುತ್ತದೆ. ಕಾಲಿಗೆ ರಕ್ತ ಹರಿಯುವುದೂ ಕಡಿಮೆ ಇರುತ್ತದೆ, ಸಕ್ಕರೆ ಜಾಸ್ತಿ ಇದ್ದಾಗ ಸೋಂಕಿನ ವಿರುದ್ಧ ಹೋರಾಡುವ ಶಕ್ತಿಯೂ ಕಡಿಮೆ. ವಾಸನೆ ಬಂದಾಗ ಮನೆಯವರು ಕರೆದುಕೊಂಡು ಬರುತ್ತಾರೆ. ಅಷ್ಟೊತ್ತಿಗೆ ಬೆರಳು ಕಪ್ಪಾಗಿರುತ್ತದೆ. ಬೆರಳು ತೆಗೆಯಬೇಕು, ಕೆಲವು ಸಲ ಪಾದವೇ ಹೋಗುತ್ತದೆ. ಆಗ ಕಾರ್ಡ್ ಕೆಲಸ ಮಾಡುತ್ತದೆ. ಕಾಲು ತೆಗೆಯುವುದಕ್ಕೆ ದುಡ್ಡು ಇದೆ, ಕಾಲು ಉಳಿಸುವ ಬ್ಯಾಂಡೇಜಿಗೆ ಇಲ್ಲ. ಇದನ್ನು ನೋಡಿ ನೋಡಿ ನನಗೆ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ.

ಸಕ್ಕರೆ ಇರುವವರು ರಾತ್ರಿ ಮಲಗುವ ಮುಂಚೆ ಪಾದ ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ಮೊಮ್ಮಕ್ಕಳ ಕೈಲಿ ನೋಡಿಸಿ. ಬೆರಳ ಸಂದಿಯನ್ನೂ ನೋಡಬೇಕು. ಬರಿಗಾಲು ಬೇಡ, ಮನೆಯೊಳಗೂ ಬೇಡ. ನೋವಿಲ್ಲದ ಗಾಯ ಕಂಡರೆ ಅದೇ ದಿನ, ಇಲ್ಲವೇ ಮಾರನೆ ದಿನ ತೋರಿಸಿ.

ತೋರಿಸುವುದು ಎಲ್ಲಿ? ಮೊದಲು ಊರಿನ ಉಪಕೇಂದ್ರ. ಬಯಲುಸೀಮೆಯ ಲೆಕ್ಕದಲ್ಲಿ ಐದು ಸಾವಿರ ಜನಕ್ಕೆ ಒಂದು ಉಪಕೇಂದ್ರ, ಮೂವತ್ತು ಸಾವಿರಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು. ಈಗ ಬಹಳ ಉಪಕೇಂದ್ರಗಳ ಗೋಡೆಯ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಬರೆದಿದೆ, ಒಳಗೆ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ಸಣ್ಣ ಗಾಯ ತೊಳೆದು ಕಟ್ಟುವುದು ಅವರ ಕೆಲಸವೇ. ಸಂಜೆ ಹೊತ್ತಿಗೆ ಬಾಗಿಲು ಹಾಕುತ್ತದೆ, ಅದು ದೊಡ್ಡ ತೊಂದರೆ. ಗಾಯ ಆಗುವುದು ಕೆಲಸ ಮುಗಿಸುವ ಅವಸರದಲ್ಲಿ, ಇಳಿಹೊತ್ತಿನಲ್ಲಿ. ನಿಮ್ಮ ಹೋಬಳಿಯಲ್ಲಿ 24 ಗಂಟೆ ತೆರೆದಿರುವ ಆರೋಗ್ಯ ಕೇಂದ್ರ ಯಾವುದು ಎಂದು ಇವತ್ತೇ ಆಶಾ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ. ಹೆರಿಗೆಗಾಗಿ ರಾತ್ರಿ ಸಿಸ್ಟರ್ ಇರುತ್ತಾರೆ, ಗಾಯಕ್ಕೂ ನೋಡುತ್ತಾರೆ. ಪಟ್ಟಣದವರಿಗೆ 2022ರ ಡಿಸೆಂಬರಿನಿಂದ 'ನಮ್ಮ ಕ್ಲಿನಿಕ್' ಎಂಬ ಹೆಸರಿನ ಸರ್ಕಾರಿ ಕ್ಲಿನಿಕ್‌ಗಳಿವೆ, ಅಲ್ಲಿ ದುಡ್ಡಿಲ್ಲ. ದೊಡ್ಡ ಸರ್ಕಾರಿ ಆಸ್ಪತ್ರೆಗಳಾದ ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಇದ್ದೇ ಇವೆ. ಆದರೆ ತರಚು ಗಾಯಕ್ಕೆ ಅಲ್ಲಿಗೆ ಹೋದರೆ ಅರ್ಧ ದಿನ ಸಾಲಿನಲ್ಲೇ ನಿಲ್ಲುತ್ತೀರಿ. ಅಲ್ಲಿನ ಡಾಕ್ಟರು ಕೈ ಕಾಲು ಮುರಿದವರನ್ನು ಬಿಟ್ಟು ನಿಮ್ಮನ್ನು ನೋಡಲು ಆಗುವುದಿಲ್ಲ.

ಖಾಸಗಿ ಕ್ಲಿನಿಕ್‌ಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಊರಿನ ಹತ್ತಿರದ ಒಬ್ಬ ಒಳ್ಳೆಯ ಡಾಕ್ಟರು ಸಂಜೆ ಏಳು ಗಂಟೆಗೆ ಹೊಲಿಗೆ ಹಾಕಿ ಕಳಿಸಿದರೆ ಅವರ ಫೀಸಿಗಿಂತ ಜಾಸ್ತಿ ನಿಮಗೆ ಉಳಿದಿರುತ್ತದೆ. ಅವರಿಗೂ ಖರ್ಚಿದೆ. ಸಾಮಾನು ಕುದಿಸಿ ಶುದ್ಧ ಮಾಡಬೇಕು, ಸಿಸ್ಟರಿಗೆ ಸಂಬಳ ಕೊಡಬೇಕು, ರಕ್ತ ಹತ್ತಿದ ಕಸಕ್ಕೂ ದುಡ್ಡು ಕಟ್ಟಬೇಕು. ಆದರೆ ದರ ಎಷ್ಟು ಎಂದು ಮೊದಲೇ ಕೇಳಿ. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ 2007ರ ಕಾಯ್ದೆ ಇದೆ, ಕೆಪಿಎಂಇ ಎನ್ನುತ್ತಾರೆ. ಅದರ ಪ್ರಕಾರ ಪ್ರತಿ ಖಾಸಗಿ ಆಸ್ಪತ್ರೆ ತನ್ನ ದರಗಳನ್ನು ಕಾಣುವಂತೆ ಹಾಕಬೇಕು. ತುರ್ತು ಚಿಕಿತ್ಸೆ ಬೇಕಾದಾಗ ಮುಂಗಡ ಕಟ್ಟಿದರೇ ನೋಡುತ್ತೇವೆ ಅನ್ನುವಂತಿಲ್ಲ. 2017ರಲ್ಲಿ ಇದನ್ನು ಬಿಗಿ ಮಾಡಲು ಹೊರಟಾಗ ರಾಜ್ಯದಲ್ಲಿ ಖಾಸಗಿ ಡಾಕ್ಟರುಗಳ ಮುಷ್ಕರವೇ ಆಯಿತು, ನಿಮಗೆ ನೆನಪಿರಬಹುದು. ದೂರು ಇದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಕೊಡಬಹುದು. ದೂರಿಗೆ ಬಿಲ್ಲು ಬೇಕು. "ಬಿಲ್ ಬೇಡ ಬಿಡಿ" ಎಂದು ದೊಡ್ಡತನ ತೋರಿಸುತ್ತೇವಲ್ಲ, ಅದನ್ನು ಬಿಡಬೇಕು.

ಕೊನೆಯದಾಗಿ ಯಜಮಾನರಿಗೆ ಎರಡು ಮಾತು. ಆಲೆಮನೆ ನಡೆಸುವವರು, ಕಬ್ಬು ಕಡಿಸುವವರು ಇಲ್ಲಿ ಇದ್ದೀರಿ. ನರೇಗಾ ಕೆಲಸದಲ್ಲಿ ಗಾಯ ಆದರೆ ಚಿಕಿತ್ಸೆ ಉಚಿತವಾಗಿ ಸಿಗಬೇಕು, ಆಸ್ಪತ್ರೆಗೆ ಸೇರಿದರೆ ಅರ್ಧ ಕೂಲಿಗೆ ಕಡಿಮೆ ಇಲ್ಲದಷ್ಟು ಭತ್ಯೆ ಕೊಡಬೇಕು, ಕೆಲಸದ ಜಾಗದಲ್ಲಿ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಬೇಕು ಎಂದು ನರೇಗಾ ಕಾಯ್ದೆಯಲ್ಲೇ ಬರೆದಿತ್ತು. ಸರ್ಕಾರ ತನ್ನ ಮೇಲೆ ಹಾಕಿಕೊಂಡ ನಿಯಮ ಅದು. ಹೊರ ಜಿಲ್ಲೆಗಳಿಂದ ಕುಟುಂಬ ಸಮೇತ ಬಂದು, ಟೆಂಟು ಹಾಕಿಕೊಂಡು ನಿಮ್ಮ ಕಬ್ಬು ಕಡಿಯುವವರಿಗೆ ನೀವು ಎಷ್ಟು ಮಾಡುತ್ತಿದ್ದೀರಿ? ಗಾಯ ಆದವನಿಗೆ ಐನೂರು ರೂಪಾಯಿ ಕೈಗಿಟ್ಟು, ಅದನ್ನು ಮೇಸ್ತ್ರಿಯ ಲೆಕ್ಕದಲ್ಲಿ ಅಡ್ವಾನ್ಸ್ ಎಂದು ಬರೆಸುತ್ತೀರಿ. ಸಣ್ಣ ಗಾಯದ ಖರ್ಚು ಸಾಲ ಆಗುವುದು ಹೀಗೆ. ಒಂದು ಡಬ್ಬದಲ್ಲಿ ಗಾಜ್ ಬಟ್ಟೆ, ಬ್ಯಾಂಡೇಜ್ ಸುರುಳಿ, ಪ್ಲಾಸ್ಟರ್, ಪೊವಿಡೋನ್, ಸೋಪು, ಒಂದು ಕ್ಯಾನ್ ಕುಡಿಯುವ ನೀರು ಇಡಿ. ಅದಕ್ಕೆ ಬೇಕಾಗುವ ದುಡ್ಡು ಒಂದು ಟನ್ ಕಬ್ಬಿನ ಬೆಲೆಗಿಂತ ಬಹಳ ಕಡಿಮೆ.

ಸಭೆಯಿಂದ ಬಂದ ಪ್ರಶ್ನೆಗಳು

"ಸಿಸ್ಟರಮ್ಮ, ನಾಯಿ ಪರಚಿದ್ರೂ ಒಂದು ಟಿಟಿ ಹಾಕಿಸ್ಬುಟ್ರೆ ಆಯ್ತಲ್ವಾ?" ಎಂದು ಒಬ್ಬ ಹಿರಿಯರು ಕೇಳಿದರು.

ಆಗಲ್ಲ ಯಜಮಾನ್ರೇ. ಟಿಟಿ ಧನುರ್ವಾಯುಗೆ. ಹುಚ್ಚುನಾಯಿ ರೋಗಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಚಿಕಿತ್ಸೆ ಇಲ್ಲ. ರಕ್ತ ಬರದಂತೆ ಪರಚಿದ್ದರೂ ಲಸಿಕೆ ಬೇಕು. ಮೊದಲು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಖಾರದ ಪುಡಿ, ಸುಣ್ಣ ಹಾಕಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆಯನ್ನು ಚರ್ಮಕ್ಕೆ ಕೊಡುತ್ತಾರೆ. ಹೋದ ದಿನ, 3ನೇ, 7ನೇ ಮತ್ತು 28ನೇ ದಿನ, ದುಡ್ಡಿಲ್ಲ. ಖಾಸಗಿಯಲ್ಲಿ ಸಾಮಾನ್ಯವಾಗಿ ಸ್ನಾಯುವಿಗೆ ಐದು ಸಲ, ಪ್ರತಿ ಸಲ ನೂರಾರು ರೂಪಾಯಿ. ರಕ್ತ ಬಂದಿದ್ದರೆ ಗಾಯದ ಒಳಗೇ ಕೊಡುವ ಇನ್ನೊಂದು ಇಂಜೆಕ್ಷನ್ ಕೂಡ ಬೇಕು, ಅದು ಹೊರಗೆ ದುಬಾರಿ. ನಾಯಿ ಕಚ್ಚಿದ್ದಕ್ಕೆ ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಹೋಗಿ.

"ಆಕ್ಸಿಡೆಂಟ್ ಅಂದ್ರೆ ಪೊಲೀಸ್ ಕೇಸ್ ಅಂತಾರೆ, ಅದ್ಕೇ ಬಾತ್‌ರೂಮಲ್ಲಿ ಬಿದ್ದೆ ಅಂತ ಬರೆಸ್ತೀವಿ. ತಪ್ಪಾ?" ಇದು ಒಬ್ಬ ಹುಡುಗನ ಪ್ರಶ್ನೆ.

ಹಾಗೆ ಬರೆಸಿದರೆ ನಾಳೆ ಗಾಡಿಯ ವಿಮೆ ಕೇಳಲು ಹೋದಾಗ ನಿನ್ನ ಚೀಟಿಯೇ ನಿನ್ನ ವಿರುದ್ಧ ನಿಲ್ಲುತ್ತದಪ್ಪ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ಬೇರೆ, ಚಿಕಿತ್ಸೆ ಬೇರೆ. ಮೊದಲು ಚಿಕಿತ್ಸೆ, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. ಕರೆತಂದವರಿಗೂ ಹೆದರಿಕೆ ಬೇಡ, ಅವರನ್ನು ಕಾಪಾಡಲು ನಮ್ಮ ರಾಜ್ಯದಲ್ಲೇ ಕಾಯ್ದೆ ಇದೆ.

"ಹೊಲಿಗೆ ಬಿಚ್ಚಿಸೋಕೆ ಹಾಕಿದ್ ಕಡೆಗೇ ಹೋಗ್ಬೇಕಾ ಅಕ್ಕ? ಮೈಸೂರ್ ದೂರ ಆಗುತ್ತೆ."

ಬೇಕಾಗಿಲ್ಲ ತಾಯಿ. ಸಾಮಾನ್ಯ ಹೊಲಿಗೆಯನ್ನು ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲೇ ಬಿಚ್ಚುತ್ತಾರೆ. ಹಾಕಿದಾಗ ಕೊಟ್ಟ ಚೀಟಿ ತೆಗೆದುಕೊಂಡು ಹೋಗಿ, ಎಷ್ಟು ಹೊಲಿಗೆ, ಯಾವ ದಿನ ಎಂದು ಅದರಲ್ಲಿ ಬರೆಸಿಕೊಂಡಿರಿ. ಮುಖದ್ದು ಸುಮಾರು ಐದು ದಿನಕ್ಕೆ, ತಲೆಯದು ಏಳರಿಂದ ಹತ್ತು, ಕೈಕಾಲಿನದು ಹತ್ತರಿಂದ ಹದಿನಾಲ್ಕು ದಿನ. ಬೆಳಿಗ್ಗೆ ಹತ್ತು ಗಂಟೆಯ ಒಳಗೆ ಹೋದರೆ ಹನ್ನೊಂದಕ್ಕೆ ಗದ್ದೆಯಲ್ಲಿರುತ್ತೀರಿ. ಮಂಗಳವಾರ, ಗುರುವಾರ ಲಸಿಕೆ, ಬಸುರಿಯರ ತಪಾಸಣೆ ಎಂದು ಜನ ಜಾಸ್ತಿ ಇರಬಹುದು, ಹಿಂದಿನ ದಿನ ಆಶಾ ಅಕ್ಕನಿಗೆ ಒಂದು ಫೋನ್ ಮಾಡಿ ಕೇಳಿಕೊಂಡು ಹೋಗಿ.